ಗುಂಡ್ಯದಲ್ಲಿ ಇಳಿದು ಸುಬ್ರಹ್ಮಣ್ಯಕ್ಕೆ ಹೋಗುವ ಬಗೆ

ಬೆಂಗಳೂರಿನಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ನೇರ ಬಸ್ಸುಗಳಿದ್ದರೂ ಚಂಪಾಷಷ್ಠಿಯ ಹೊತ್ತಿನಲ್ಲಿ, ಸಾಲು ರಜೆಗಳಲ್ಲಿ ಅವುಗಳಲ್ಲಿ ಸೀಟು ಸಿಗುವುದು ಕಷ್ಟ. ಆಗ ಮಂಗಳೂರಿನ ಬಸ್ಸು ಹತ್ತಿ, ಶಿರಾಡಿ ಘಾಟಿಯ ಬುಡದಲ್ಲಿರುವ ಗುಂಡ್ಯದಲ್ಲಿ ಇಳಿಯಬಹುದು. ರಾಷ್ಟ್ರೀಯ ಹೆದ್ದಾರಿ 75ರಿಂದ ಸುಬ್ರಹ್ಮಣ್ಯದ ರಸ್ತೆ ಕವಲೊಡೆಯುವುದು ಅಲ್ಲಿಯೇ. ಮುಂದೆ ಉಳಿಯುವುದು ಸುಮಾರು 20 ಕಿ.ಮೀ. ಮಂಗಳೂರಿನ ಕಡೆಯಿಂದ ಬರುವವರಿಗೆ ಈ ಮಾತು ಅನ್ವಯಿಸದು, ಅವರಿಗೆ ಉಪ್ಪಿನಂಗಡಿ–ಕಡಬದ ದಾರಿಯೇ ಸಲೀಸು.

ಗುಂಡ್ಯದಲ್ಲಿ ನಿಲ್ಲುತ್ತದೆಯೇ ಎಂದು ಬಸ್ಸು ಹತ್ತುವ ಮೊದಲೇ ನಿರ್ವಾಹಕರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಸಕಲೇಶಪುರ ದಾಟಿದೊಡನೆ ಇನ್ನೊಮ್ಮೆ ನೆನಪಿಸಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುವುದರಿಂದ ನಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. ತಿರುವುಗಳು ಮುಗಿದು, ಇಳಿದು ಬಂದ ಲಾರಿಗಳ ಬ್ರೇಕಿನ ಸುಟ್ಟ ವಾಸನೆ ಕಿಟಕಿಯೊಳಗೆ ಬಂತೆಂದರೆ ಚೀಲ ಕೈಗೆತ್ತಿಕೊಳ್ಳಬಹುದು. ನಿದ್ದೆ ಹೋದವರು ನೆಲ್ಯಾಡಿಯಲ್ಲಿ ಎಚ್ಚರಗೊಂಡು, ಎದುರು ದಿಕ್ಕಿನ ಬಸ್ಸಿಗೆ ಕಾಯಬೇಕಾಗುತ್ತದೆ.

ಊರು ಎಂದರೆ ಹೆದ್ದಾರಿಯ ಬದಿಯ ಒಂದಷ್ಟು ಹೋಟೆಲು, ಅಂಗಡಿ, ಒಂದು ಚೆಕ್‌ಪೋಸ್ಟ್, ಸುತ್ತಲೂ ಕಾಡು. ಆದ್ದರಿಂದ ಬೆಳಕು ಹರಿಯುವ ಹೊತ್ತಿಗೆ ತಲುಪುವಂತೆ ಬಸ್ಸನ್ನು ಆರಿಸಿಕೊಳ್ಳುವುದು ಒಳ್ಳೆಯದು. ಸುಬ್ರಹ್ಮಣ್ಯದ ಬಸ್ಸು ಕೂಡಲೇ ಬರದಿದ್ದರೆ ಜೀಪುಗಳಿರುತ್ತವೆ. ತಲೆಗೆ ಎಷ್ಟೆಂದು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು. ಜೀಪು ತುಂಬುವವರೆಗೆ ಹೊರಡುವುದಿಲ್ಲ, ಆ ಹೊತ್ತನ್ನು ಬಿಸಿ ಚಹಾದೊಂದಿಗೆ ಕಳೆಯುವುದೇ ಜಾಣತನ.

ಮಳೆಗಾಲದ ಲೆಕ್ಕ ಬೇರೆ. 2018ರ ಮಳೆಯಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತ್ತು, 2024ರ ಜುಲೈಯಲ್ಲೂ ಹಾಗೆಯೇ ಆಯಿತು. ಅಂಥ ದಿನಗಳಲ್ಲಿ ಮಂಗಳೂರಿನ ಬಸ್ಸು ಚಾರ್ಮಾಡಿ ಇಲ್ಲವೇ ಸಂಪಾಜೆಯ ಮೇಲೆ ಹೋಗುವುದರಿಂದ ಗುಂಡ್ಯವೇ ದಾರಿಯಲ್ಲಿ ಬರುವುದಿಲ್ಲ. ಹೊರಡುವ ದಿನ ಬಸ್ಸು ಯಾವ ಮಾರ್ಗವಾಗಿ ಹೋಗುತ್ತದೆಂದು ವಿಚಾರಿಸಿ, ಚಾರ್ಮಾಡಿಯಾದರೆ ಉಜಿರೆಯಲ್ಲಿ ಇಳಿದು ಧರ್ಮಸ್ಥಳದ ಮೂಲಕ, ಸಂಪಾಜೆಯಾದರೆ ಸುಳ್ಯದಲ್ಲಿ ಇಳಿದು ಅಲ್ಲಿಂದ ಸುಬ್ರಹ್ಮಣ್ಯಕ್ಕೆ ಹೋಗಬಹುದು.

ಮರಳುವಾಗ ಮಾತ್ರ ಈ ಉಪಾಯ ಬೇಡ. ಮಂಗಳೂರಿನಿಂದಲೇ ತುಂಬಿ ಬರುವ ರಾತ್ರಿ ಬಸ್ಸುಗಳು ಗುಂಡ್ಯದಲ್ಲಿ ಕೈ ಅಡ್ಡ ಹಿಡಿದವರಿಗೆಲ್ಲ ನಿಲ್ಲುವುದಿಲ್ಲ. ಸುಬ್ರಹ್ಮಣ್ಯದಿಂದಲೇ ಸೀಟು ಕಾದಿರಿಸಿ, ಅಥವಾ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರೈಲು ಹಿಡಿಯಿರಿ.