ಸಕ್ಕರೆಯಿಲ್ಲದ ಮಾರ್ಷ್‌ಮ್ಯಾಲೋ: ಐದನೆಯ ಸಲ ಕೈಗೆ ಸಿಕ್ಕ ಹದ

ಕಾರ್ಬೋಹೈಡ್ರೇಟ್ ಕಡಿಮೆಯಿರುವ ಆಹಾರಕ್ರಮಕ್ಕೆ ಹೊಂದಿಕೊಳ್ಳುವಾಗ ಊಟದ ವಿಚಾರದಲ್ಲಿ ನನಗೆ ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಊಟವಾದ ಮೇಲೆ ನಾಲಿಗೆ ಬೇಡುವ ಸಿಹಿಯ ವಿಚಾರದಲ್ಲಿ. ಅದರಲ್ಲೂ ನನಗೆ ಬೇಕಾಗಿದ್ದದ್ದು ಬರಿಯ ಸಿಹಿಯಲ್ಲ, ಹಲ್ಲಿಗೆ ಸಿಕ್ಕಾಗ ಮೆತ್ತಗೆ ಕುಗ್ಗಿ ಮತ್ತೆ ಉಬ್ಬುವ ಮಾರ್ಷ್‌ಮ್ಯಾಲೋ. ಸಾಮಾನ್ಯ ಮಾರ್ಷ್‌ಮ್ಯಾಲೋದ 100 ಗ್ರಾಂನಲ್ಲಿ ಸುಮಾರು 80 ಗ್ರಾಂ ಕಾರ್ಬೋಹೈಡ್ರೇಟೇ ಇರುವುದರಿಂದ ಅದನ್ನು ಮುಟ್ಟುವಂತಿರಲಿಲ್ಲ. ‘ಸಕ್ಕರೆರಹಿತ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಒಂದು ಪೊಟ್ಟಣವನ್ನು ತಂದು ತಿಂದು, ಒಂದು ಗಂಟೆಯ ನಂತರ ಗ್ಲುಕೋಮೀಟರ್ ಹಿಡಿದು ನೋಡಿಕೊಂಡರೆ ರಕ್ತದ ಸಕ್ಕರೆ ನಾನು ಎಣಿಸಿದ್ದಕ್ಕಿಂತ ಸಾಕಷ್ಟು ಮೇಲೇರಿತ್ತು. ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದಿದಾಗ ಕಾರಣ ತಿಳಿಯಿತು: ಒಳಗಿದ್ದದ್ದು ಮಾಲ್ಟಿಟಾಲ್. ಅದು ಹೆಸರಿಗೆ ಸಕ್ಕರೆಯಲ್ಲದಿದ್ದರೂ ಅದರ ಒಂದು ಪಾಲು ದೇಹದಲ್ಲಿ ಒಡೆದು ಗ್ಲುಕೋಸ್ ಆಗಿಯೇ ಸೇರಿಕೊಳ್ಳುತ್ತದೆ, ಸಕ್ಕರೆಯ ಸುಮಾರು ಅರ್ಧದಷ್ಟು ಶಕ್ತಿಯನ್ನೂ ಕೊಡುತ್ತದೆ. ಮನೆಯಲ್ಲೇ ಮಾಡಿ ನೋಡೋಣವೆಂಬ ಹಟ ಹುಟ್ಟಿದ್ದು ಅಂದೇ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಸಾಮಾನ್ಯ ವಿಧಾನವೊಂದನ್ನು ಎದುರಿಗಿಟ್ಟುಕೊಂಡು, ಅದರಲ್ಲಿ ಸಕ್ಕರೆ ಎಂದಿದ್ದ ಕಡೆಯಲ್ಲೆಲ್ಲ ಅಷ್ಟೇ ತೂಕದ ಎರಿಥ್ರಿಟಾಲ್ ಎಂಬ ಬದಲಿ ಸಿಹಿಪುಡಿ ಹಾಕಿದೆ. ಪಾಕ ಕುದಿಯಿತು, ಹೆಪ್ಪುಗಟ್ಟಿಸುವ ಜೆಲಟಿನ್ ಕರಗಿತು, ಬೀಟರ್ ತಿರುಗಿದಂತೆ ನೊರೆಯೂ ಎದ್ದಿತು. ಅಂದು ಸಂಜೆ ಕತ್ತರಿಸಿದ ತುಂಡುಗಳು ನೋಡಲು ಬೆಳ್ಳಗೆ, ಮುಟ್ಟಲು ಮೃದುವಾಗಿದ್ದವು, ಗೆದ್ದೆನೆಂದೇ ತಿಳಿದೆ. ಮೂರನೆಯ ದಿನ ಡಬ್ಬಿ ತೆಗೆದಾಗ ಮೇಲ್ಮೈಯಲ್ಲಿ ಸಣ್ಣ ಬಿಳಿಯ ಚುಕ್ಕೆಗಳು ಕಾಣಿಸಿದವು, ಕಚ್ಚಿದಾಗ ಹಲ್ಲಿನ ನಡುವೆ ಮರಳು ಸಿಕ್ಕಂತೆ ಕರಕರ ಎಂದಿತು, ಜೊತೆಗೆ ಪುದೀನ ಅಗಿದಂತೆ ನಾಲಿಗೆ ತಣ್ಣಗಾಯಿತು. ಎರಿಥ್ರಿಟಾಲ್ ನೀರಿನಲ್ಲಿ ಸಕ್ಕರೆಯಷ್ಟು ಕರಗುವುದಿಲ್ಲ. ಬಿಸಿಯಲ್ಲಿ ಕರಗಿದ್ದು ತಣ್ಣಗಾದ ಮೇಲೆ ನಿಧಾನವಾಗಿ ಹರಳುಗಟ್ಟುತ್ತದೆ. ಆ ಹರಳು ಬಾಯಿಯಲ್ಲಿ ಮತ್ತೆ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ ಆ ತಣ್ಣನೆಯ ಅನುಭವವಾಗುತ್ತದೆ.

ಆ ಡಬ್ಬಿಯನ್ನು ಚೆಲ್ಲಿದ ಮೇಲೆ, ಮಾರ್ಷ್‌ಮ್ಯಾಲೋದಲ್ಲಿ ಸಕ್ಕರೆ ಏನೇನು ಕೆಲಸ ಮಾಡುತ್ತದೆ ಎಂಬುದನ್ನು ಕುಳಿತು ಯೋಚಿಸಿದೆ. ಸಿಹಿ ಕೊಡುವುದು ಅದರ ಕೆಲಸಗಳಲ್ಲಿ ಚಿಕ್ಕದು. ಪಾಕವನ್ನು ಮಂದಗೊಳಿಸಿ ಗಾಳಿಯ ಗುಳ್ಳೆಗಳು ಒಡೆಯದಂತೆ ಹಿಡಿದಿಡುವುದು, ನೀರನ್ನು ತನ್ನಲ್ಲೇ ಕಟ್ಟಿಟ್ಟುಕೊಂಡು ತುಂಡು ಒಣಗದಂತೆಯೂ ಬೂಸ್ಟು ಹಿಡಿಯದಂತೆಯೂ ಕಾಯುವುದು, ಎಲ್ಲಕ್ಕಿಂತ ಮುಖ್ಯವಾಗಿ ತೂಕ ಮತ್ತು ಗಾತ್ರ ಒದಗಿಸುವುದು ಅದರದೇ ಹೊಣೆ. ಹೀಗಾಗಿ ಸ್ಟೀವಿಯಾದಂಥ, ಚಿಟಿಕೆಯಲ್ಲೇ ಸಿಹಿ ತುಂಬುವ ಪದಾರ್ಥ ಇಲ್ಲಿ ಒಂಟಿಯಾಗಿ ಏನನ್ನೂ ಸಾಧಿಸಲಾರದು. ಎರಡನೆಯ ಸಲ ಅದನ್ನೂ ಮಾಡಿ ನೋಡಿದ್ದೇನೆ. ಸಿಕ್ಕಿದ್ದು ಸಿಹಿಯಾದ ರಬ್ಬರಿನಂಥ ಜೆಲ್ಲಿ, ಮಾರ್ಷ್‌ಮ್ಯಾಲೋ ಅಲ್ಲ.

ಮೂರನೆಯ ಪ್ರಯತ್ನದಲ್ಲಿ ಅಲ್ಯುಲೋಸ್ ಕೈಗೆ ಬಂತು. ಇದು ಫ್ರಕ್ಟೋಸನ್ನೇ ಹೋಲುವ, ಅಣುರಚನೆಯಲ್ಲಿ ಮಾತ್ರ ಸ್ವಲ್ಪ ಬೇರೆಯಾದ ಸಕ್ಕರೆ. ಸಿಹಿ ಸಾಮಾನ್ಯ ಸಕ್ಕರೆಯ ಶೇಕಡಾ 70ರಷ್ಟು, ಶಕ್ತಿ ಗ್ರಾಂಗೆ ಸುಮಾರು 0.4 ಕ್ಯಾಲೊರಿ. ದೇಹ ಇದರ ಬಹುಪಾಲನ್ನು ಹೀರಿಕೊಂಡರೂ ಬಳಸಿಕೊಳ್ಳಲಾಗದೆ ಮೂತ್ರದಲ್ಲಿ ಹೊರಹಾಕುತ್ತದೆ. ಈ ಕಾರಣಕ್ಕೇ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ, ಪೊಟ್ಟಣದ ಮೇಲೆ ತೋರಿಸುವ ಒಟ್ಟು ಸಕ್ಕರೆಯ ಮತ್ತು ಸೇರಿಸಿದ ಸಕ್ಕರೆಯ ಲೆಕ್ಕದಿಂದ ಅಲ್ಯುಲೋಸನ್ನು ಹೊರಗಿಡಬಹುದೆಂದು ತಿಳಿಸಿತು. ಎಲ್ಲ ದೇಶಗಳೂ ಇದನ್ನು ಆಹಾರದಲ್ಲಿ ಬಳಸಲು ಅನುಮತಿಸಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಕೆಲಸಕ್ಕೆ ಬೇಕಾದ ಗುಣವೆಂದರೆ ಅಲ್ಯುಲೋಸ್ ಸುಲಭವಾಗಿ ಹರಳುಗಟ್ಟುವುದಿಲ್ಲ, ನೀರನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ಗುಣವೇ ಅದರ ದೋಷವೂ ಹೌದು: ಅಲ್ಯುಲೋಸ್ ಒಂದನ್ನೇ ಹಾಕಿ ಮಾಡಿದ ತುಂಡುಗಳು ಮರುದಿನ ಬೆವರಿದಂತೆ ಅಂಟಂಟಾಗಿ ಒಂದಕ್ಕೊಂದು ಮೆತ್ತಿಕೊಂಡಿದ್ದವು.

ನಾಲ್ಕನೆಯ ಸಲ ಅಲ್ಯುಲೋಸ್, ಎರಿಥ್ರಿಟಾಲ್ ಎರಡನ್ನೂ ಬೆರೆಸಿದೆ, ಆದರೆ ಪಾಕದಲ್ಲಿ ಎಡವಿದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನನಗೆ ಅತಿ ಹೆಚ್ಚು ತಲೆನೋವು ತಂದದ್ದು ಇದೇ. ಸಕ್ಕರೆಯ ಮಾರ್ಷ್‌ಮ್ಯಾಲೋಗೆ ಪಾಕವನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ ತರುವುದು ವಾಡಿಕೆ. ಥರ್ಮಾಮೀಟರಿನ ಆ ಸಂಖ್ಯೆ ಪರೋಕ್ಷವಾಗಿ ಹೇಳುವುದು ಪಾಕದಲ್ಲಿ ನೀರು ಎಷ್ಟು ಉಳಿದಿದೆ ಎಂಬುದನ್ನು. ನೀರು ಕಡಿಮೆಯಾದಂತೆ ಕುದಿಯುವ ಬಿಂದು ಏರುತ್ತದೆ. ಆದರೆ ಅಲ್ಯುಲೋಸಿನ ಅಣು ಸಾಮಾನ್ಯ ಸಕ್ಕರೆಯ ಅಣುವಿನ ಅರ್ಧದಷ್ಟು ತೂಕದ್ದು, ಎರಿಥ್ರಿಟಾಲಿನದು ಅದಕ್ಕಿಂತಲೂ ಹಗುರ. ಅಂದರೆ ಅಷ್ಟೇ ಗ್ರಾಂ ಹಾಕಿದರೂ ನೀರಿನಲ್ಲಿ ಹೆಚ್ಚು ಅಣುಗಳಿರುತ್ತವೆ, ಕುದಿಯುವ ಬಿಂದು ಬೇಗ ಏರುತ್ತದೆ, ಥರ್ಮಾಮೀಟರ್ 115 ತೋರಿಸುವಾಗ ಸಕ್ಕರೆಯ ಪಾಕದಲ್ಲಿರುವುದಕ್ಕಿಂತ ಹೆಚ್ಚು ನೀರು ಉಳಿದಿರುತ್ತದೆ. ಇದನ್ನು ಅರಿಯದೆ ಹಳೆಯ ವಿಧಾನದಲ್ಲಿ ಹೇಳಿದಷ್ಟು ತಣ್ಣೀರಿನಲ್ಲೇ ಜೆಲಟಿನ್ ನೆನೆಸಿದ್ದೆ. ನೊರೆ ತೆಳ್ಳಗಾಗಿ, ತಟ್ಟೆಯ ತಳದಲ್ಲಿ ಬೆರಳಗಲದ ಗಟ್ಟಿ ಜೆಲ್ಲಿಯ ಪದರವೂ ಮೇಲೆ ನೊರೆಯೂ ಬೇರೆಬೇರೆಯಾಗಿ ನಿಂತವು. ಕೈಯಲ್ಲಿ ಎಳೆ ಪಾಕ ನೋಡಿ ಅಭ್ಯಾಸವಿದ್ದವರಿಗೂ ಇಲ್ಲಿ ಆ ಪರೀಕ್ಷೆ ಕೈಕೊಡುತ್ತದೆ, ಏಕೆಂದರೆ ಈ ಪಾಕ ಸಕ್ಕರೆಯದರಂತೆ ನೆಚ್ಚಿಕೊಳ್ಳುವಂಥ ಎಳೆ ಬಿಡುವುದಿಲ್ಲ. ಕೊನೆಗೆ ನಾನು ಥರ್ಮಾಮೀಟರಿಗಿಂತ ತಕ್ಕಡಿಯನ್ನೇ ನಂಬಿದೆ: ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡು, ನಡುನಡುವೆ ಪಾತ್ರೆಯನ್ನು ಒಲೆಯಿಂದ ಇಳಿಸಿ ತೂಗಿ, ಎಷ್ಟು ನೀರು ಹೋಗಿದೆಯೆಂದು ಲೆಕ್ಕ ಹಾಕತೊಡಗಿದೆ.

ಈಗ ನಾನು ಮಾಡುವ ಕ್ರಮ ಹೀಗಿದೆ. 24 ಗ್ರಾಂ ಜೆಲಟಿನ್ ಪುಡಿಯನ್ನು 120 ಮಿಲಿಲೀಟರ್ ತಣ್ಣೀರಿನ ಮೇಲೆ ತೆಳ್ಳಗೆ ಉದುರಿಸಿ ಹತ್ತು ನಿಮಿಷ ಬಿಡುತ್ತೇನೆ. ಪುಡಿಯನ್ನು ಬಟ್ಟಲಿಗೆ ಹಾಕಿ ಮೇಲಿಂದ ನೀರು ಸುರಿದರೆ ಒಳಗೆ ಒಣ ಗಂಟುಗಳು ಉಳಿದುಬಿಡುತ್ತವೆ, ಆಮೇಲೆ ಎಷ್ಟು ಕದಡಿದರೂ ಅವು ಬಿಡಿಸಿಕೊಳ್ಳುವುದಿಲ್ಲ. ದಪ್ಪ ತಳದ ಪಾತ್ರೆಯಲ್ಲಿ 180 ಗ್ರಾಂ ಅಲ್ಯುಲೋಸ್, 40 ಗ್ರಾಂ ಎರಿಥ್ರಿಟಾಲ್, 80 ಮಿಲಿಲೀಟರ್ ನೀರು ಮತ್ತು ಒಂದು ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ, ಆಮೇಲೆ ಮಧ್ಯಮ ಉರಿಯಲ್ಲಿ ಕುದಿಸುತ್ತೇನೆ. ಆರಂಭದಲ್ಲಿ ಒಳಗಿರುವುದು 300 ಗ್ರಾಂ. ಅದು 270 ಗ್ರಾಂಗೆ ಇಳಿದಾಗ ಒಲೆ ಆರಿಸುತ್ತೇನೆ. ಆ ಹೊತ್ತಿಗೆ ನನ್ನ ಥರ್ಮಾಮೀಟರ್ 113ರಿಂದ 115ರ ನಡುವೆ ತೋರಿಸುತ್ತದೆ. ಉರಿ ಜೋರಾಗಿದ್ದರೆ ಅಲ್ಯುಲೋಸ್ ಸಕ್ಕರೆಗಿಂತ ಬಹಳ ಬೇಗ ಕೆಂಪಗಾಗುತ್ತದೆ. ಪಾಕ ಜೇನಿನ ಬಣ್ಣಕ್ಕೆ ತಿರುಗಿದರೆ ಮಾರ್ಷ್‌ಮ್ಯಾಲೋ ಬಿಳಿಯಾಗುವುದಿಲ್ಲ, ರುಚಿಯಲ್ಲೂ ಸುಟ್ಟ ವಾಸನೆಯ ಸುಳಿವಿರುತ್ತದೆ.

ಕುದಿತ ನಿಂತು ಗುಳ್ಳೆಗಳು ಅಡಗಿದ ಮೇಲೆ, ಬೀಟರನ್ನು ಅತಿ ನಿಧಾನವಾಗಿ ತಿರುಗಿಸುತ್ತ, ಪಾಕವನ್ನು ಬಟ್ಟಲಿನ ಅಂಚಿನಿಂದ ಸಣ್ಣ ಧಾರೆಯಾಗಿ ಜೆಲಟಿನ್ ಮೇಲೆ ಇಳಿಸುತ್ತೇನೆ. ಧಾರೆ ಬೀಟರಿನ ಕಡ್ಡಿಗಳಿಗೆ ತಾಗಿದರೆ ಪಾಕ ಸಿಡಿದು ಬಟ್ಟಲಿನ ಗೋಡೆಗೆ ಅಂಟುತ್ತದೆ, ಕೈಗೂ ಸಿಡಿಯುತ್ತದೆ. ನನ್ನ ಮಣಿಕಟ್ಟಿನ ಮೇಲೆ ಅದರ ಗುರುತು ಇನ್ನೂ ಇದೆ. ಅನಂತರ ವೇಗವನ್ನು ಪೂರ್ತಿ ಏರಿಸಿ ಹನ್ನೆರಡು ನಿಮಿಷ ಬಡಿಯುತ್ತೇನೆ. ಮೊದಲ ಎರಡು ಮೂರು ನಿಮಿಷ ಬಟ್ಟಲಿನಲ್ಲಿರುವುದು ಸಾಬೂನಿನ ನೀರಿನಂಥ ತಿಳಿ ದ್ರವ. ಹೊಸಬರು ಧೈರ್ಯಗೆಡುವುದು ಇಲ್ಲೇ. ನಾಲ್ಕನೆಯ ನಿಮಿಷಕ್ಕೆ ಅದು ಹಾಲಿನಂತಾಗುತ್ತದೆ, ಎಂಟಕ್ಕೆ ಬೀಟರ್ ಹೋದ ದಾರಿಯಲ್ಲಿ ಗೆರೆಗಳು ಮೂಡಿ ನಿಧಾನವಾಗಿ ಮಾಯವಾಗುತ್ತವೆ. ಬೀಟರ್ ಎತ್ತಿದಾಗ ಇಳಿದುಬಿದ್ದ ನೊರೆ ದಪ್ಪ ಪಟ್ಟಿಯಂತೆ ಮಡಿಕೆಯಾಗಿ ಐದಾರು ಸೆಕೆಂಡು ಹಾಗೇ ನಿಂತರೆ, ಬಟ್ಟಲಿನ ಹೊರಮೈ ಅಂಗೈಗೆ ಉಗುರುಬೆಚ್ಚಗೆ ತಾಗಿದರೆ ಹದ ಬಂದಂತೆ. ಅದಕ್ಕಿಂತ ಮುಂದೆ ಹೋದರೆ ಬಟ್ಟಲಿನಲ್ಲೇ ಗಟ್ಟಿಯಾಗತೊಡಗಿ, ತಟ್ಟೆಗೆ ಹರಡುವಾಗ ಹರಿದ ಹತ್ತಿಯಂತೆ ಚಿಂದಿಯಾಗುತ್ತದೆ. ಕೊನೆಯ ನಿಮಿಷದಲ್ಲಿ ಒಂದು ಟೀ ಚಮಚ ವೆನಿಲಾ ಸೇರಿಸುತ್ತೇನೆ. ಬಟ್ಟಲಿನಲ್ಲಿ ಎಣ್ಣೆಯ ಪಸೆ ಕಿಂಚಿತ್ತೂ ಇರಬಾರದು, ಜಿಡ್ಡು ನೊರೆಯ ಶತ್ರು.

20 ಸೆಂಟಿಮೀಟರಿನ ಚೌಕ ತಟ್ಟೆಗೆ ಬಟರ್ ಪೇಪರ್ ಹಾಸಿ, ನೊರೆಯನ್ನು ಸುರಿದು, ಒದ್ದೆ ಚಮಚದ ಬೆನ್ನಿನಿಂದ ಸಮ ಮಾಡಿ, ಮುಚ್ಚದೆ ರಾತ್ರಿಯಿಡೀ ಬಿಡುತ್ತೇನೆ. ಮರುದಿನ ಸುಮಾರು ಎರಡೂವರೆ ಸೆಂಟಿಮೀಟರ್ ದಪ್ಪದ ಹಾಸು ಸಿಗುತ್ತದೆ. ಆರಕ್ಕಾರು ಕತ್ತರಿಸಿದರೆ ಮೂವತ್ತಾರು ತುಂಡು. ಒಂದೊಂದರಲ್ಲೂ 5 ಗ್ರಾಂ ಅಲ್ಯುಲೋಸ್, ಒಂದು ಗ್ರಾಂಗಿಂತ ತುಸು ಹೆಚ್ಚು ಎರಿಥ್ರಿಟಾಲ್, ಮುಕ್ಕಾಲು ಗ್ರಾಂಗಿಂತ ಕಡಿಮೆ ಜೆಲಟಿನ್ ಇರುತ್ತದೆ. ಎಲ್ಲ ಸೇರಿ ಐದು ಕ್ಯಾಲೊರಿಯ ಆಸುಪಾಸು.

ಹೊರಗೆ ಹೊರಳಿಸುವ ಪುಡಿಯ ವಿಚಾರದಲ್ಲಿ ನಾನು ಪಟ್ಟ ಪಾಡು ಬೇರೆಯೇ. ಕಾರ್ನ್‌ಫ್ಲೋರ್ ಶುದ್ಧ ಪಿಷ್ಟ, ಅದನ್ನು ಬಳಸಿದರೆ ಪಟ್ಟ ಶ್ರಮದ ಒಂದು ಭಾಗ ವ್ಯರ್ಥ. ಅಲ್ಯುಲೋಸ್ ಪುಡಿ ಗಾಳಿಯ ತೇವ ಹೀರಿ ಅರ್ಧ ದಿನದಲ್ಲಿ ಅಂಟಾಯಿತು. ಪಾಕದಲ್ಲಿ ಖಳನಾಯಕನಾಗಿದ್ದ ಎರಿಥ್ರಿಟಾಲ್ ಇಲ್ಲಿ ಕೈಹಿಡಿಯಿತು: ಅದು ತೇವವನ್ನು ಅಷ್ಟಾಗಿ ಹೀರುವುದಿಲ್ಲ, ಆದ್ದರಿಂದ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಸಕ್ಕರೆ ಸೇರಿಸದ ಕೋಕೋ ಪುಡಿಯೊಂದಿಗೆ ಸಮಸಮ ಬೆರೆಸಿ ಹೊರಳಿಸಿದರೆ ತುಂಡುಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕೋಕೋದ ಕಹಿ ಆ ತಣ್ಣನೆಯ ರುಚಿಯನ್ನು ಮರೆಮಾಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಪದರಗಳ ನಡುವೆ ಕಾಗದವಿಟ್ಟು, ಫ್ರಿಜ್ಜಿನಲ್ಲಿ ಒಂದು ವಾರ ಇಡುತ್ತೇನೆ. ಅದಕ್ಕಿಂತ ಹೆಚ್ಚು ದಿನ ಉಳಿದದ್ದೂ ಇಲ್ಲ.

ಬೆಂಕಿಗೆ ಹಿಡಿದು ಸುಡುವ ಆಸೆಯಿದ್ದವರು ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ಅಲ್ಯುಲೋಸ್ ನೋಡನೋಡುತ್ತಲೇ ಕಪ್ಪಾಗುತ್ತದೆ, ಒಳಗಿನ ಜೆಲಟಿನ್ ಕರಗಿ ಕಡ್ಡಿಯಿಂದ ಜಾರಿ ಬೀಳುತ್ತದೆ. ಬಿಸಿ ಕಾಫಿಯ ಮೇಲೆ ತೇಲಿಬಿಟ್ಟರೆ ಮಾತ್ರ ಸೊಗಸಾದ ನೊರೆಯಾಗುತ್ತದೆ.

ಜೆಲಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವ ಪದಾರ್ಥವಾದ್ದರಿಂದ, ಸಸ್ಯಾಹಾರಿ ಗೆಳತಿಯೊಬ್ಬಳಿಗಾಗಿ ಕಡಲಪಾಚಿಯ ಅಗರ್ ಅಗರ್ ಬಳಸಿಯೂ ಮಾಡಿದ್ದೆ. ಅಗರ್ ಹೆಪ್ಪುಗಟ್ಟುತ್ತದೆ, ಆದರೆ ಹಿಗ್ಗುವುದಿಲ್ಲ; ತುಂಡನ್ನು ಒತ್ತಿದರೆ ಮರಳಿ ಉಬ್ಬುವ ಬದಲು ಒಡೆಯುತ್ತದೆ, ಎರಡನೆಯ ದಿನ ನೀರೊಡೆಯುತ್ತದೆ. ಅವಳು ಸೌಜನ್ಯಕ್ಕೆ ಎರಡು ತಿಂದಳು.

ತಿನ್ನುವ ಪ್ರಮಾಣದ ಬಗ್ಗೆಯೂ ಒಂದು ಮಾತು. ಒಂದು ಮಧ್ಯಾಹ್ನ ಓದುತ್ತ ಕುಳಿತು ಹನ್ನೆರಡು ತುಂಡು ಮುಗಿಸಿದ್ದೆ, ಅಂದರೆ 60 ಗ್ರಾಂ ಅಲ್ಯುಲೋಸ್. ಆ ಸಂಜೆ ಹೊಟ್ಟೆ ಉಬ್ಬರಿಸಿ, ಗುಡುಗಿ, ಕಡೆಗೆ ಭೇದಿಯಲ್ಲಿ ಮುಗಿಯಿತು. ಈಗ ದಿನಕ್ಕೆ ನಾಲ್ಕಕ್ಕೆ ಮೀರುವುದಿಲ್ಲ. ಅಲ್ಯುಲೋಸ್ ಸಿಗದ ಕಡೆ ಕೆಲವರು ಜೈಲಿಟಾಲ್ ಎಂಬ ಇನ್ನೊಂದು ಬದಲಿ ಸಿಹಿಪುಡಿ ಬಳಸುತ್ತಾರೆ. ಮನೆಯಲ್ಲಿ ನಾಯಿಯಿದ್ದರೆ ಅದರ ಗೊಡವೆಗೇ ಹೋಗಬೇಡಿ, ಸ್ವಲ್ಪವೇ ಜೈಲಿಟಾಲ್ ಹೊಟ್ಟೆಗೆ ಹೋದರೂ ನಾಯಿಯ ರಕ್ತದ ಸಕ್ಕರೆ ಒಮ್ಮೆಲೆ ಕುಸಿದು ಪ್ರಾಣಕ್ಕೇ ಅಪಾಯವಾಗುತ್ತದೆ. ಎರಿಥ್ರಿಟಾಲಿನ ಬಗ್ಗೆ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ, ರಕ್ತದಲ್ಲಿ ಅದರ ಮಟ್ಟ ಹೆಚ್ಚಿದ್ದವರಲ್ಲಿ ಹೃದಯಾಘಾತ ಮತ್ತು ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದಿದ್ದನ್ನು ತೋರಿಸಿತು. ನಮ್ಮ ದೇಹವೂ ಎರಿಥ್ರಿಟಾಲನ್ನು ತಾನೇ ತಯಾರಿಸುವುದರಿಂದ, ಅದನ್ನು ತಿಂದದ್ದೇ ಕಾರಣವೆಂದು ಇಷ್ಟರಿಂದಲೇ ಹೇಳುವಂತಿಲ್ಲ; ಆದರೂ ನಾನು ಪಾಕದಲ್ಲಿ ಅದನ್ನು 40 ಗ್ರಾಂಗೆ ನಿಲ್ಲಿಸಿದ್ದಕ್ಕೆ ಹರಳಿನ ಭಯದ ಜೊತೆಗೆ ಇದೂ ಒಂದು ಕಾರಣ.

ಹದ ಕೈಗೆ ಹತ್ತಿದ ಮೇಲೆ ಬಂದ ಅತಿಯಾದ ಧೈರ್ಯದಲ್ಲಿ ಒಮ್ಮೆ, ಜೆಲಟಿನ್ ನೆನೆಸುವ ನೀರಿನ ಬದಲು ಹಸಿ ಅನಾನಸಿನ ರಸವನ್ನು ಬಳಸಿದೆ. ನೊರೆ ಏಳಲೇ ಇಲ್ಲ. ಇಪ್ಪತ್ತು ನಿಮಿಷ ಬಡಿದು, ಬೀಟರಿನ ಮೋಟರು ಬಿಸಿಯಾದದ್ದಷ್ಟೇ ಲಾಭವಾಯಿತು. ಇರಲಿ, ರಾತ್ರಿ ಕಳೆದರೆ ಗಟ್ಟಿಯಾದೀತೆಂದು ತಟ್ಟೆಗೆ ಸುರಿದಿಟ್ಟರೆ ಬೆಳಿಗ್ಗೆಯೂ ಅದು ತಟ್ಟೆಯಲ್ಲಿ ತುಳುಕುತ್ತಿತ್ತು. ಅನಾನಸಿನ ಕಿಣ್ವ ಜೆಲಟಿನ್ ಎಂಬ ಪ್ರೋಟೀನನ್ನು ತುಂಡರಿಸಿಬಿಡುತ್ತದೆ. ಪಪ್ಪಾಯ, ಕಿವಿ ಹಣ್ಣುಗಳ ಹಸಿ ರಸವೂ ಅದನ್ನೇ ಮಾಡುತ್ತದೆ. ರಸವನ್ನು ಕುದಿಸಿ, ಆರಿಸಿ ಬಳಸಿದರೆ ಕಿಣ್ವ ಸತ್ತು ಜೆಲಟಿನ್ ಎಂದಿನಂತೆ ಹೆಪ್ಪುಗಟ್ಟುತ್ತದೆ. ಹಾಗೆ ಮಾಡಿಯೂ ನೋಡಿದೆ, ಚೆನ್ನಾಗಿಯೇ ಬಂತು. ಆದರೆ ಆ ರಸದಲ್ಲಿರುವ ಸಕ್ಕರೆಯನ್ನು ಲೆಕ್ಕ ಹಾಕಿದ ಮೇಲೆ ಮತ್ತೆ ವೆನಿಲಾಕ್ಕೇ ಮರಳಿದ್ದೇನೆ.