ಬಿಳಿ ಪಟ್ಟಿಯ ವರ್ಷ: ಬರ್ಮಿಂಗ್‌ಹ್ಯಾಂನಲ್ಲಿ ಕಳೆದ 2005

2005ರ ಜನವರಿಯ ಮೊದಲ ವಾರ. ಹಿಂದೂ ಮಹಾಸಾಗರದ ಸುನಾಮಿ ಅಪ್ಪಳಿಸಿ ಹತ್ತು ದಿನಗಳಾಗಿದ್ದವು. ನಾನು ಕೆಲಸ ಮಾಡುತ್ತಿದ್ದ ಬರ್ಮಿಂಗ್‌ಹ್ಯಾಂನ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸಂತ್ರಸ್ತರಿಗಾಗಿ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದರು. ಬೆಳಿಗ್ಗೆ ಖಾಲಿಯಿದ್ದದ್ದು ಸಂಜೆಯೊಳಗೆ ತುಂಬಿಹೋಗುತ್ತಿತ್ತು. ಅದರ ಪಕ್ಕದಲ್ಲಿಯೇ ಜಾಂಬಿಯಾ ಮೂಲದ ಹಿರಿಯ ನರ್ಸ್ ಒಬ್ಬರು ಪ್ರಧಾನಿಗೆ ಕಳುಹಿಸಬೇಕಾದ ಅಂಚೆ ಕಾರ್ಡುಗಳ ಕಟ್ಟೊಂದನ್ನು ಇಟ್ಟು, ‘ಇದಕ್ಕೆ ದುಡ್ಡು ಬೇಡ, ಹೆಸರು, ವಿಳಾಸ, ಸಹಿ ಸಾಕು’ ಎಂದು ಚೀಟಿ ಅಂಟಿಸಿದ್ದರು. ಬಕೆಟ್ಟಿಗೆ ಐದು ಪೌಂಡಿನ ನೋಟು ಹಾಕಿದ ಕೈಗಳೇ ಕಾರ್ಡನ್ನು ಎತ್ತಿ, ತಿರುಗಿಸಿ ನೋಡಿ, ಮತ್ತೆ ಅಲ್ಲಿಯೇ ಇಡುತ್ತಿದ್ದವು. ಮೊದಲ ದಿನ ನಾನೂ ಹಾಗೆಯೇ ಮಾಡಿದೆ. ಎರಡನೆಯ ದಿನ ಅವರು ನನ್ನ ಎದುರಿಗೇ ಬಂದು ಕುಳಿತು, ‘ದಾನಕ್ಕೆ ಹೆದರದವರು ಸಹಿಗೆ ಏಕೆ ಹೆದರುತ್ತೀರಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಸಹಿ ಹಾಕಿದೆ, ಮುಂದಿನ ಹನ್ನೆರಡು ತಿಂಗಳ ನನ್ನ ಶನಿವಾರಗಳು ಅಂದೇ ಕೈಬಿಟ್ಟುಹೋದವು.

ಆ ಕಾರ್ಡು ‘ಮೇಕ್ ಪಾವರ್ಟಿ ಹಿಸ್ಟರಿ’, ಅಂದರೆ ಬಡತನವನ್ನು ಇತಿಹಾಸಕ್ಕೆ ಸೇರಿಸಿ, ಎಂಬ ಚಳವಳಿಗೆ ಸೇರಿದ್ದು. ಬ್ರಿಟನ್ನಿನ ಐನೂರಕ್ಕೂ ಹೆಚ್ಚು ಸಂಘ ಸಂಸ್ಥೆಗಳು, ಚರ್ಚುಗಳು, ಕಾರ್ಮಿಕ ಸಂಘಟನೆಗಳು ಆ ಒಂದು ವರ್ಷಕ್ಕೆಂದು ಒಟ್ಟುಗೂಡಿದ್ದವು. ಆ ವರ್ಷ ಎಂಟು ಪ್ರಬಲ ರಾಷ್ಟ್ರಗಳ ಕೂಟವಾದ ಜಿ-8ರ ಅಧ್ಯಕ್ಷತೆ ಬ್ರಿಟನ್ನಿನದು. ಶೃಂಗಸಭೆ ಜುಲೈನಲ್ಲಿ ಸ್ಕಾಟ್ಲೆಂಡಿನ ಗ್ಲೆನ್‌ಈಗಲ್ಸ್‌ನಲ್ಲಿ ನಡೆಯಲಿತ್ತು. ಚಳವಳಿಯ ಬೇಡಿಕೆಗಳು ಮೂರು: ಬಡ ದೇಶಗಳ ಸಾಲ ಮನ್ನಾ, ಹೆಚ್ಚಿನ ಮತ್ತು ಉತ್ತಮ ನೆರವು, ನ್ಯಾಯಯುತ ವ್ಯಾಪಾರ. ಆಗಿನ ಲೆಕ್ಕದಲ್ಲಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಯಲ್ಲಿ ಬದುಕುತ್ತಿದ್ದವರ ಸಂಖ್ಯೆ ನೂರು ಕೋಟಿಗೂ ಹೆಚ್ಚು. ಸಂಘಟಕರು ಯಾರಿಂದಲೂ ದೇಣಿಗೆ ಕೇಳುತ್ತಿರಲಿಲ್ಲ. ಮುಂಗೈಗೆ ಒಂದು ಬಿಳಿ ಪಟ್ಟಿ ಕಟ್ಟಿಕೊಳ್ಳಿ, ಸರ್ಕಾರಕ್ಕೆ ಬರೆಯಿರಿ ಎಂದಷ್ಟೇ ಕೇಳುತ್ತಿದ್ದರು. ಬರ್ಮಿಂಗ್‌ಹ್ಯಾಂನವರಿಗೆ ಇದು ಹೊಸದೇನೂ ಆಗಿರಲಿಲ್ಲ. 1998ರ ಮೇ ತಿಂಗಳಲ್ಲಿ ಜಿ-8 ಸಭೆ ಇದೇ ಊರಿನಲ್ಲಿ ನಡೆದಾಗ ಸುಮಾರು 70,000 ಜನ ಕೈ ಕೈ ಹಿಡಿದು ಊರ ನಡುವೆ ಮಾನವ ಸರಪಳಿ ರಚಿಸಿ, ಸಾಲ ಮನ್ನಾ ಮಾಡಿ ಎಂದು ಕೂಗಿದ್ದರು. ನಮ್ಮ ಸ್ಥಳೀಯ ಗುಂಪಿನ ಹಿರಿಯರಲ್ಲಿ ಅರ್ಧದಷ್ಟು ಮಂದಿ ಆ ಸರಪಳಿಯಲ್ಲಿ ನಿಂತಿದ್ದವರೇ.

ನನಗಿದ್ದ ಮೊದಲ ಅನುಮಾನ ಬೇರೆಯದು. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು ಬ್ರಿಟನ್ನಿನ ಸಂಸದರಿಗೆ ಪತ್ರ ಬರೆದರೆ ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಆ ನರ್ಸ್ ನಕ್ಕರು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದರೆ ಸಂಸತ್ ಚುನಾವಣೆಯಲ್ಲಿಯೂ ಮತ ಹಾಕಬಹುದು ಎಂಬುದು ನಾಲ್ಕು ವರ್ಷ ಅಲ್ಲಿದ್ದರೂ ನನಗೆ ತಿಳಿದಿರಲಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸಿದೆ. ಅಂದಿನಿಂದ ಬರೆದ ಪ್ರತಿಯೊಂದು ಪತ್ರದ ತಲೆಯಲ್ಲಿ ಮನೆಯ ಪೋಸ್ಟ್‌ಕೋಡನ್ನು ದೊಡ್ಡದಾಗಿ ಬರೆಯುವ ಅಭ್ಯಾಸವಾಯಿತು. ಸಂಸದರ ಕಚೇರಿಯಲ್ಲಿ ಮೊದಲು ನೋಡುವುದು ಬರೆದವರು ತಮ್ಮ ಕ್ಷೇತ್ರದವರೇ ಅಲ್ಲವೇ ಎಂಬುದನ್ನು.

ಇಂಗ್ಲಿಷರಿಗೆ ‘ದೇಶದ ಸಾಲ’ ಎಂಬುದನ್ನು ವಿವರಿಸಲು ಗುಂಪಿನವರು ಹರಸಾಹಸ ಪಡುತ್ತಿದ್ದರು. ನನಗೆ ವಿವರಣೆ ಬೇಕಿರಲಿಲ್ಲ. ರಾಯಚೂರಿನ ಮಾರುಕಟ್ಟೆಗೆ ನಮ್ಮ ತಂದೆ ಹತ್ತಿ ಅಂಡಿಗೆ ಹೇರಿಕೊಂಡು ಹೋದಾಗಲೆಲ್ಲ ದಲಾಲಿ ಅಂಗಡಿಯವರು ಬಿತ್ತನೆಯ ಕಾಲಕ್ಕೆ ಕೊಟ್ಟ ಮುಂಗಡವನ್ನೂ ಅದರ ಬಡ್ಡಿಯನ್ನೂ ಮೊದಲು ಮುರಿದುಕೊಂಡು, ಮಿಕ್ಕಿದ್ದನ್ನು ಕೈಗಿಡುತ್ತಿದ್ದರು. ಮಿಕ್ಕದಿದ್ದ ವರ್ಷ ಅದೇ ಪುಸ್ತಕದಲ್ಲಿ ಮುಂದಿನ ವರ್ಷದ ಸಾಲ ಬರೆಯಲಾಗುತ್ತಿತ್ತು. ಅಸಲಿನಷ್ಟು ಬಡ್ಡಿ ಕಟ್ಟಿದ ಮೇಲೂ ಅಸಲು ಹಾಗೆಯೇ ಇರುತ್ತಿತ್ತು. ಜಾಂಬಿಯಾ ನೆಚ್ಚಿಕೊಂಡಿದ್ದ ತಾಮ್ರದ ಬೆಲೆ ಬಿದ್ದಾಗ ಆ ದೇಶಕ್ಕೆ ಆದದ್ದೂ ಇದೇ. ಆ ನರ್ಸ್ ತಮ್ಮ ಊರಿನ ಚಿಕಿತ್ಸಾ ಕೇಂದ್ರದಲ್ಲಿ ರೋಗಿಗಳಿಂದ ಶುಲ್ಕ ವಸೂಲಿ ಶುರುವಾದ ಬಗೆಯನ್ನು ಹೇಳುತ್ತಿದ್ದರೆ, ನನಗೆ ಕಾಣುತ್ತಿದ್ದದ್ದು ದಲಾಲಿ ಅಂಗಡಿಯ ಕೆಂಪು ಬಟ್ಟೆ ಹೊದಿಸಿದ ಲೆಕ್ಕದ ಪುಸ್ತಕ.

ಫೆಬ್ರುವರಿ 3ರಂದು ರಜೆ ಹಾಕಿ ಲಂಡನ್ನಿನ ಟ್ರಫಾಲ್ಗರ್ ಚೌಕಕ್ಕೆ ಹೋದೆ. 86 ವರ್ಷದ ನೆಲ್ಸನ್ ಮಂಡೇಲಾ ಕೋಲೂರಿಕೊಂಡು ವೇದಿಕೆ ಹತ್ತಿದಾಗ ಚೌಕದ ಪಾರಿವಾಳಗಳೂ ಸುಮ್ಮನಾದಂತೆ ತೋರಿತು. ಗುಲಾಮಗಿರಿಯಂತೆ, ವರ್ಣಭೇದದಂತೆ ಬಡತನವೂ ಮನುಷ್ಯರೇ ಮಾಡಿದ್ದು, ಮನುಷ್ಯರೇ ಅದನ್ನು ತೊಡೆದುಹಾಕಬಹುದು ಎಂಬ ಅರ್ಥದ ಮಾತನ್ನು ಅವರು ಆಡಿದರು. ದೊಡ್ಡ ಮಾತು ಕೇಳಿ ಉಬ್ಬಿಹೋಗಿದ್ದ ನಾನು ಎರಡೇ ವಾರದಲ್ಲಿ ನೆಲಕ್ಕಿಳಿದೆ.

ಇಳಿಸಿದವರು ನಮ್ಮ ಕ್ಷೇತ್ರದ ಸಂಸದರು. ಅಲ್ಲಿನ ಸಂಸದರು ವಾರಾಂತ್ಯದಲ್ಲಿ ಕ್ಷೇತ್ರದ ಜನರನ್ನು ಭೇಟಿಯಾಗುವ ವ್ಯವಸ್ಥೆಗೆ ‘ಸರ್ಜರಿ’ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನಗೆ ಅದು ಬಹುಕಾಲ ತಮಾಷೆಯಾಗಿಯೇ ಕೇಳಿಸುತ್ತಿತ್ತು. ಗ್ರಂಥಾಲಯದ ಒಂದು ಕೋಣೆ. ನನಗಿಂತ ಮುಂದೆ ಸರತಿಯಲ್ಲಿದ್ದವರಲ್ಲಿ ಒಬ್ಬರಿಗೆ ಮನೆಯ ಗೋಡೆ ತೇವಗೊಂಡ ಚಿಂತೆ, ಇನ್ನೊಬ್ಬರಿಗೆ ನಿಂತುಹೋದ ಅಂಗವಿಕಲ ಭತ್ಯೆಯದು. ಅವರ ನಡುವೆ ಆಫ್ರಿಕಾದ ಸಾಲದ ಮಾತು ಎತ್ತಲು ನನಗೆ ನಾಚಿಕೆಯೇ ಆಯಿತು. ನಾಲ್ಕು ಪುಟಗಳ ಟಿಪ್ಪಣಿ ಸಿದ್ಧಪಡಿಸಿಕೊಂಡಿದ್ದೆ. ಸಂಸದರು ಅದನ್ನು ತೆಗೆದುಕೊಂಡು, ಓದದೆ ಮೇಜಿನ ಮೇಲೆ ಬೋರಲು ಹಾಕಿ, ‘ಇದೆಲ್ಲ ನಾನು ಒಪ್ಪುವ ವಿಷಯವೇ. ಈಗ ನನ್ನಿಂದ ಏನಾಗಬೇಕು, ಅದನ್ನು ಹೇಳಿ’ ಎಂದರು. ನಾನು ತಡವರಿಸಿದೆ, ಮೂರು ಬೇಡಿಕೆಗಳನ್ನೂ ಒಟ್ಟಿಗೆ ಹೇಳಲು ಹೋಗಿ ಒಂದನ್ನೂ ಪೂರ್ತಿ ಹೇಳಲಿಲ್ಲ. ಕೈಕುಲುಕಿ ಬೀಳ್ಕೊಟ್ಟರು.

ಹೊರಗೆ ಕಾಯುತ್ತಿದ್ದ ಗುಂಪಿನ ಹಿರಿಯರೊಬ್ಬರು ಬೈಯಲಿಲ್ಲ, ಪಾಠ ಹೇಳಿದರು. ಮುದ್ರಿತ ಕಾರ್ಡನ್ನು ಸಂಸದರ ಕಚೇರಿಯಲ್ಲಿ ಎಣಿಸುತ್ತಾರೆ, ಕೈಬರಹದ ಪತ್ರವನ್ನು ಓದುತ್ತಾರೆ. ಪತ್ರ ಒಂದು ಪುಟ ಮೀರಬಾರದು. ಅದರಲ್ಲಿ ಒಂದೇ ಕೋರಿಕೆ ಇರಬೇಕು, ಅದೂ ಸಂಸದರ ಕೈಯಲ್ಲಾಗುವಂಥದ್ದು. ಸಂಸದರು ಮತದಾರರ ಪತ್ರವನ್ನು ಸಚಿವರಿಗೆ ರವಾನಿಸಿದರೆ ಸಚಿವಾಲಯ ಉತ್ತರ ಬರೆಯಲೇಬೇಕೆಂಬ ವಾಡಿಕೆ ಅಲ್ಲಿದೆ. ಹೀಗಾಗಿ ಕೇಳಬೇಕಾದದ್ದು ಸಂಸದರ ಅಭಿಪ್ರಾಯವನ್ನಲ್ಲ, ಸಚಿವರ ಉತ್ತರವನ್ನು. ಮಾರ್ಚಿನಲ್ಲಿ ಮತ್ತೆ ಹೋದೆ. ಈ ಬಾರಿ ಎಂಟು ಸಾಲು: ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿಗೆ (ಐಎಂಎಫ್) ಬಡ ದೇಶಗಳು ಕೊಡಬೇಕಾದ ಸಾಲವನ್ನು ನೂರಕ್ಕೆ ನೂರರಷ್ಟು ಮನ್ನಾ ಮಾಡಿಸಲು ಬ್ರಿಟನ್ ಏನು ಮಾಡುತ್ತಿದೆಯೆಂದು ಹಣಕಾಸು ಸಚಿವರನ್ನು ತಾವು ಕೇಳಬೇಕು, ಬಂದ ಉತ್ತರದ ಪ್ರತಿ ನನಗೆ ಬೇಕು. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. ಸಂಸತ್ತಿನ ಮುದ್ರೆಯ ಲಕೋಟೆಯಲ್ಲಿ ಖಜಾನೆ ಇಲಾಖೆಯ ಉತ್ತರ ಮನೆಗೆ ಬಂತು. ಅದರಲ್ಲಿ ಹೊಸದೇನೂ ಇರಲಿಲ್ಲ, ನಿಜ. ಆದರೆ ಇಂಥ ಪತ್ರಗಳು ದೇಶದ ಎಲ್ಲ ಮೂಲೆಗಳಿಂದ ಹೋಗುತ್ತಿದ್ದವು, ಪ್ರತಿಯೊಂದಕ್ಕೂ ಯಾರೋ ಒಬ್ಬ ಅಧಿಕಾರಿ ಕುಳಿತು ಉತ್ತರ ಸಿದ್ಧಪಡಿಸಬೇಕಾಗುತ್ತಿತ್ತು.

ಏಪ್ರಿಲ್‌ನಲ್ಲಿ ನಮ್ಮ ಕನ್ನಡದವರ ಯುಗಾದಿ ಕೂಟದಲ್ಲಿ ಒಂದು ಮೇಜು ಹಾಕಿಕೊಂಡು ಕುಳಿತೆ. ಒಬ್ಬ ಹಿರಿಯ ವೈದ್ಯರು ಒಬ್ಬಟ್ಟಿನ ತಟ್ಟೆ ಹಿಡಿದು ಬಂದು, ‘ಏನಪ್ಪಾ, ನಿನ್ನ ರಾಯಚೂರಿನ ಬಡತನ ಇಲ್ಲಿಗೂ ಬಂತೇ?’ ಎಂದು ನಗುತ್ತ ಕೇಳಿದರು. ಅನಂತರ ಗಂಭೀರವಾಗಿ, ‘ಭಾರತದಲ್ಲಿಯೇ ಇಷ್ಟೊಂದು ಬಡವರಿರುವಾಗ ಆಫ್ರಿಕಾದ ಚಿಂತೆ ನಮಗೇಕೆ?’ ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಭಾರತದ ಬಡವರ ಬಗ್ಗೆ ದೆಹಲಿಯನ್ನು, ಬೆಂಗಳೂರನ್ನು ಕೇಳಬೇಕು. ಆದರೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಿ ಮತ ಹಾಕುವ ನಾವು ವಿಶ್ವಬ್ಯಾಂಕಿನಲ್ಲಿ ಬ್ರಿಟನ್ ಹಾಕುವ ಮತದ ಬಗ್ಗೆ ಇಲ್ಲಿಯೇ ಕೇಳಬೇಕಲ್ಲವೇ ಎಂದೆ. ಅವರು ಪೂರ್ತಿ ಒಪ್ಪಿದರೆಂದು ಹೇಳಲಾರೆ, ಸಹಿ ಮಾತ್ರ ಹಾಕಿದರು. ಮಕ್ಕಳು ಬಿಳಿ ಪಟ್ಟಿಗಳನ್ನೆಲ್ಲ ಖಾಲಿ ಮಾಡಿದರು. ಕಾರ್ಡುಗಳ ಬಹುಪಾಲು ನನ್ನೊಡನೆಯೇ ಮನೆಗೆ ಮರಳಿತು.

ಮೇ ಕೊನೆಯಲ್ಲಿ ಆ ಪಟ್ಟಿಗಳೇ ನಮ್ಮ ಮುಖಕ್ಕೆ ಮಸಿ ಬಳಿದವು. ಸಿಲಿಕೋನ್ ಪಟ್ಟಿಗಳಲ್ಲಿ ಕೆಲವು ಚೀನಾದ ಕಾರ್ಖಾನೆಗಳಲ್ಲಿ, ಕಾರ್ಮಿಕರನ್ನು ಕೆಟ್ಟದಾಗಿ ದುಡಿಸಿಕೊಂಡು ತಯಾರಾದವು ಎಂಬ ವರದಿ ಪತ್ರಿಕೆಗಳಲ್ಲಿ ಬಂತು. ಮರುದಿನ ಕ್ಯಾಂಟೀನಿನಲ್ಲಿ ಯಾರೋ ಒಂದು ಪಟ್ಟಿಯನ್ನು ಕತ್ತರಿಸಿ ನಮ್ಮ ಕಾರ್ಡುಗಳ ಮೇಲೆ ಇಟ್ಟುಹೋಗಿದ್ದರು. ಆ ನರ್ಸ್ ಆಸ್ಪತ್ರೆಯ ಹಳೆಯ ಬ್ಯಾಂಡೇಜ್ ಬಟ್ಟೆಯನ್ನು ಹರಿದು ತಮ್ಮ ಮುಂಗೈಗೆ ಕಟ್ಟಿಕೊಂಡು, ನನಗೂ ಒಂದು ತುಂಡು ಕೊಟ್ಟರು. ಡಿಸೆಂಬರ್‌ವರೆಗೂ ನಾನು ಕಟ್ಟಿದ್ದು ಅದನ್ನೇ.

ಜೂನ್ 11ರಂದು ಲಂಡನ್ನಿನಲ್ಲಿ ಸೇರಿದ್ದ ಜಿ-8 ಹಣಕಾಸು ಸಚಿವರು 18 ದೇಶಗಳ ಸುಮಾರು 4,000 ಕೋಟಿ ಡಾಲರ್ ಸಾಲವನ್ನು ಮನ್ನಾ ಮಾಡಲು ಒಪ್ಪಿದರು. ಪಟ್ಟಿಯಲ್ಲಿ ಜಾಂಬಿಯಾ ಇತ್ತು. ರಾತ್ರಿ ಪಾಳಿಯಲ್ಲಿದ್ದ ನರ್ಸ್‌ಗೆ ಫೋನ್ ಮಾಡಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಅನಂತರ ‘ಕಾಗದದ ಮೇಲೆ ಬರಲಿ’ ಎಂದರು.

ಜುಲೈ 1ರ ರಾತ್ರಿ ಬರ್ಮಿಂಗ್‌ಹ್ಯಾಂನಿಂದ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಎಡಿನ್‌ಬರೋ ತಲುಪಿದೆವು. ಮೆಡೋಸ್ ಎಂಬ ಬಯಲಿನಿಂದ ಹೊರಟ ಮೆರವಣಿಗೆಯಲ್ಲಿ ಸುಮಾರು 2,25,000 ಜನ. ಎಲ್ಲರೂ ಬಿಳಿ ಬಟ್ಟೆಯಲ್ಲಿ. ನಾನು ಊರಿನಿಂದ ತಂದಿದ್ದ ಬಿಳಿ ಪಂಚೆಯನ್ನು ಹೆಗಲ ಮೇಲೆ ಹೊದ್ದಿದ್ದೆ. ಸರತಿ ಎಷ್ಟು ಉದ್ದವಿತ್ತೆಂದರೆ ಬಯಲಿನಿಂದ ಹೊರಬೀಳಲೇ ನಮಗೆ ಗಂಟೆಗಟ್ಟಲೆ ಹಿಡಿಯಿತು; ಅದೇ ಹೊತ್ತಿಗೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಸಂಗೀತ ಕಾರ್ಯಕ್ರಮವೇ ಟಿವಿಗಳನ್ನೆಲ್ಲ ತುಂಬಿಕೊಂಡಿತ್ತು. ಮೂರು ಗಂಟೆಗೆ ಒಂದು ನಿಮಿಷದ ಮೌನ. ಅಷ್ಟು ಜನ ಸುಮ್ಮನಾದಾಗ ಕೇಳಿಸಿದ್ದು ಪಕ್ಕದ ಒಂದು ಮಗುವಿನ ಕೆಮ್ಮು.

ಐದು ದಿನ ಕಳೆದು, ಶೃಂಗಸಭೆ ನಡೆಯುತ್ತಿರುವಾಗಲೇ, ಜುಲೈ 7ರಂದು ಲಂಡನ್ನಿನ ರೈಲು ಮತ್ತು ಬಸ್ಸಿನಲ್ಲಿ ಬಾಂಬುಗಳು ಸ್ಫೋಟಿಸಿದವು. ಮರುದಿನ ಹೊರಬಿದ್ದ ಗ್ಲೆನ್‌ಈಗಲ್ಸ್ ನಿರ್ಣಯವನ್ನು ಓದುವ ಮನಸ್ಸು ಯಾರಿಗೂ ಇರಲಿಲ್ಲ. 2010ರ ಹೊತ್ತಿಗೆ ವಾರ್ಷಿಕ ನೆರವನ್ನು 5,000 ಕೋಟಿ ಡಾಲರಿನಷ್ಟು ಹೆಚ್ಚಿಸುವುದಾಗಿಯೂ ಅದರ ಅರ್ಧ ಆಫ್ರಿಕಾಕ್ಕೆ ಹೋಗುವುದಾಗಿಯೂ ಅದರಲ್ಲಿತ್ತು. ಸಾಲ ಮನ್ನಾ ಮುಂದೆ ಜಾರಿಗೆ ಬಂತು. ಆದರೆ ಆಫ್ರಿಕಾಕ್ಕೆ ಹೇಳಿದ ನೆರವಿನಲ್ಲಿ 2010ರ ಹೊತ್ತಿಗೆ ಅರ್ಧವೂ ತಲುಪಲಿಲ್ಲ. ಇದಕ್ಕೆ ಕಾರಣ ನನಗೆ ಕಂಡಂತೆ ಸರಳವಾದದ್ದು. ಸಾಲಕ್ಕೆ ಒಂದು ಲೆಕ್ಕದ ಪುಸ್ತಕವಿದೆ, ಒಬ್ಬ ಸಾಲಿಗನಿದ್ದಾನೆ, ಅಳಿಸಿದರೋ ಇಲ್ಲವೋ ಎಂದು ಯಾರು ಬೇಕಾದರೂ ಪುಟ ತೆರೆದು ನೋಡಬಹುದು. ನೆರವಿನ ಭರವಸೆ ಪ್ರತಿ ವರ್ಷದ ಬಜೆಟ್ಟಿನಲ್ಲಿ ಹೊಸದಾಗಿ ಹುಟ್ಟಬೇಕು. ಅದನ್ನು ಪ್ರತಿ ವರ್ಷ ಕೇಳಲು ಎರಡು ಲಕ್ಷ ಜನ ಬೀದಿಗೆ ಬರುವುದಿಲ್ಲ.

ಮೂರನೆಯ ಬೇಡಿಕೆಯಾದ ವ್ಯಾಪಾರವನ್ನು ನಾನು ನನ್ನದೆಂದು ಹಚ್ಚಿಕೊಂಡಿದ್ದೆ, ಏಕೆಂದರೆ ಅಲ್ಲಿ ಹತ್ತಿ ಇತ್ತು. ಬೆನಿನ್, ಬುರ್ಕಿನಾ ಫಾಸೋ, ಚಾಡ್, ಮಾಲಿ ದೇಶಗಳು ಅಮೆರಿಕ ತನ್ನ ಹತ್ತಿ ಬೆಳೆಗಾರರಿಗೆ ಕೊಡುವ ಸಬ್ಸಿಡಿಯಿಂದ ವಿಶ್ವದ ಬೆಲೆ ಕುಸಿಯುತ್ತಿದೆ ಎಂದು 2003ರಿಂದ ದೂರುತ್ತಿದ್ದವು. ಬ್ರೆಜಿಲ್ ಹೂಡಿದ ವ್ಯಾಜ್ಯದಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮೇಲ್ಮನವಿ ಮಂಡಳಿ 2005ರ ಮಾರ್ಚಿನಲ್ಲಿ ಅಮೆರಿಕದ ವಿರುದ್ಧವೇ ತೀರ್ಪಿತ್ತಿತ್ತು. ನವೆಂಬರ್ 2ರಂದು ಸುಮಾರು 8,000 ಜನ ತಮ್ಮ ತಮ್ಮ ಸಂಸದರನ್ನು ಕಾಣಲು ವೆಸ್ಟ್‌ಮಿನ್‌ಸ್ಟರಿಗೆ ಹೋದೆವು. ಸಂಸತ್ತಿನ ಪಡಸಾಲೆಯಲ್ಲಿ ಸಂದರ್ಶಕರು ಒಂದು ಹಸಿರು ಚೀಟಿ ತುಂಬಿ ಕೊಟ್ಟರೆ ಸಿಬ್ಬಂದಿ ಅದನ್ನು ಸಂಸದರಿಗೆ ತಲುಪಿಸುವ ಹಳೆಯ ಪದ್ಧತಿಯಿದೆ. ಭೇಟಿಯ ಕಾರಣ ಬರೆಯುವ ಜಾಗ ಒಂದು ಸಾಲಿನಷ್ಟು. ಸಾಲದ ವಿಷಯವನ್ನು ಮೂರು ಪದಗಳಲ್ಲಿ ಬರೆಯಬಲ್ಲವನಾಗಿದ್ದ ನಾನು, ಹತ್ತಿಯ ವಿಷಯವನ್ನು ಆ ಸಾಲಿನಲ್ಲಿ ಹಿಡಿಸಲಾರದೆ ಎರಡು ಚೀಟಿ ಕೆಡಿಸಿದೆ. ನಮ್ಮ ಸಂಸದರು ಬಂದರು, ತಂದೆಯ ಹತ್ತಿಯ ಕಥೆಯನ್ನು ಆಸಕ್ತಿಯಿಂದ ಕೇಳಿದರು, ಕೊನೆಗೆ ಹಳೆಯ ಪ್ರಶ್ನೆಯನ್ನೇ ಕೇಳಿದರು: ‘ನನ್ನಿಂದ ಏನಾಗಬೇಕು?’ ಆಗ ವ್ಯಾಪಾರದ ಮಾತುಕತೆ ನಡೆಸುತ್ತಿದ್ದದ್ದು ಬ್ರಿಟನ್ ಅಲ್ಲ, ಐರೋಪ್ಯ ಒಕ್ಕೂಟ. ಸಬ್ಸಿಡಿ ಕೊಡುತ್ತಿರುವುದು ಅಮೆರಿಕ. ಅವರಿಂದ ಆಗಬೇಕಾದದ್ದನ್ನು ನಾನು ಮತ್ತೆ ಒಂದು ವಾಕ್ಯದಲ್ಲಿ ಹೇಳಲಾರದೆ ಹೋದೆ.

ಡಿಸೆಂಬರ್ 18ರಂದು ಮುಗಿದ ವಿಶ್ವ ವ್ಯಾಪಾರ ಸಂಘಟನೆಯ ಹಾಂಗ್‌ಕಾಂಗ್ ಸಮಾವೇಶ ಹತ್ತಿಯ ರಫ್ತು ಸಬ್ಸಿಡಿಯನ್ನು 2006ರಲ್ಲಿ ನಿಲ್ಲಿಸಬೇಕೆಂದು ನಿರ್ಣಯಿಸಿತು. ಬೆಲೆಯನ್ನು ನಿಜವಾಗಿ ಕೆಡವುತ್ತಿದ್ದ ದೇಶದೊಳಗಿನ ಸಬ್ಸಿಡಿ ಹಾಗೆಯೇ ಉಳಿಯಿತು. ಮುಂದಿನ ಜನವರಿ ಕೊನೆಯಲ್ಲಿ ನಮ್ಮ ಚಳವಳಿಯ ಒಕ್ಕೂಟ, ಮೊದಲೇ ಹೇಳಿದ್ದಂತೆ, ತನ್ನನ್ನು ತಾನು ವಿಸರ್ಜಿಸಿಕೊಂಡಿತು. ಕ್ಯಾಂಟೀನಿನ ಮೇಜಿನಿಂದ ನಾವಿಬ್ಬರು ಉಳಿದ ಕಾರ್ಡುಗಳನ್ನು ಎತ್ತಿಕೊಂಡೆವು.

2006ರ ಏಪ್ರಿಲ್ 1ರಿಂದ ಜಾಂಬಿಯಾ ಸರ್ಕಾರ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಶುಲ್ಕವನ್ನು ರದ್ದು ಮಾಡಿತು. ಮೇನಲ್ಲೊಂದು ಬೆಳಿಗ್ಗೆ ಆ ನರ್ಸ್ ಪಾಳಿ ಮುಗಿಸಿ ಹೊರಡುವಾಗ ನನ್ನ ವಿಭಾಗಕ್ಕೆ ಬಂದು, ತಾಯಿಯ ಫೋನ್ ಬಂದಿತ್ತು ಎಂದರು. ಮಂಡಿನೋವಿಗೆಂದು ಊರಿನ ಕೇಂದ್ರಕ್ಕೆ ಹೋದಾಗ ಯಾರೂ ದುಡ್ಡು ಕೇಳಲಿಲ್ಲವಂತೆ; ಜನ ಬಾಗಿಲಾಚೆಗೂ ನಿಂತಿದ್ದರಂತೆ; ಆದರೆ ಮಾತ್ರೆ ದಾಸ್ತಾನಿನಲ್ಲಿಲ್ಲ, ಪಟ್ಟಣದಲ್ಲಿ ಕೊಂಡುಕೊಳ್ಳಿ ಎಂದು ಚೀಟಿ ಬರೆದುಕೊಟ್ಟರಂತೆ. ಆ ಶನಿವಾರ ನಾವಿಬ್ಬರೂ ಗ್ರಂಥಾಲಯದ ಕೋಣೆಯ ಹೊರಗೆ ಸರತಿಯಲ್ಲಿ ಕುಳಿತೆವು. ಪತ್ರ ಒಂದೇ ಪುಟದ್ದು, ಔಷಧದ ದಾಸ್ತಾನಿನ ಬಗ್ಗೆ.