ದೀಪದ ಬೆಳಕನ್ನು ಓದುವುದು, ಬರೆಯುವುದು: ಚಿತ್ರಕಲೆ ವಿದ್ಯಾರ್ಥಿಗಳಿಗೊಂದು ಅಭ್ಯಾಸ

ಚಿತ್ರಕಲೆ ಕಲಿಯುವವರಲ್ಲಿ ಕೈ ಬೇಗ ಪಳಗುತ್ತದೆ, ಕಣ್ಣು ಹಿಂದೆ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ತಿದ್ದಬೇಕಾದರೆ ಹತ್ತು ಚಿತ್ರ ನೋಡಿ ಓಡುವುದಕ್ಕಿಂತ ಒಂದರ ಮುಂದೆ ಕೂರುವುದು ಮೇಲು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಎಸ್.ಎಲ್. ಹಳದಣಕರ್ ಅವರ ‘ಗ್ಲೋ ಆಫ್ ಹೋಪ್’ ಇದಕ್ಕೆ ಹೇಳಿ ಮಾಡಿಸಿದ್ದು. ದೀಪ ಹಿಡಿದ ಹೆಣ್ಣಿನ ಈ ಚಿತ್ರವನ್ನು ರವಿವರ್ಮನದೆಂದು ತಿಳಿದವರು ಬಹಳ. ಇದು ತೈಲವರ್ಣವೂ ಅಲ್ಲ, ಜಲವರ್ಣ.

ಮೊದಲ ಹತ್ತು ನಿಮಿಷ ಗೆರೆ ಎಳೆಯಬೇಡಿ, ಕಂಡದ್ದನ್ನು ಮಾತಿನಲ್ಲಿ ಬರೆಯಿರಿ. ಅತಿ ಬೆಳಕು ಎಲ್ಲಿದೆ? ಅತಿ ಕತ್ತಲು ಎಲ್ಲಿ? ಸೀರೆಯ ಅಂಚು ಹಿನ್ನೆಲೆಯಲ್ಲಿ ಎಲ್ಲಿ ಕರಗುತ್ತದೆ? ‘ಭಾವಪೂರ್ಣ’, ‘ಅದ್ಭುತ’ ಎಂಬ ಮಾತುಗಳನ್ನು ಹೊಡೆದುಹಾಕಿ. ‘ಜ್ವಾಲೆಯನ್ನು ಮರೆಮಾಡಿದ ಬೆರಳುಗಳು ಕೆಂಪಗೆ ಹೊಳೆಯುತ್ತವೆ’ ಎಂಬಂಥ, ಬೊಟ್ಟಿಟ್ಟು ತೋರಿಸಬಹುದಾದ ವಾಕ್ಯ ಮಾತ್ರ ಉಳಿಯಲಿ.

ಆಮೇಲೆ ಕಣ್ಣು ಕಿರಿದು ಮಾಡಿ, 6×9 ಸೆಂ.ಮೀ. ಚೌಕಟ್ಟಿನಲ್ಲಿ 4ಬಿ ಪೆನ್ಸಿಲ್‌ನಿಂದ ಮೂರೇ ಛಾಯೆಯ ಪುಟ್ಟ ಸ್ಕೆಚ್ ಮಾಡಿ: ಕಾಗದದ ಬಿಳಿ, ನಡುಬೂದು, ಕಡುಗಪ್ಪು. ಒಂದಕ್ಕೆ ಐದು ನಿಮಿಷ ಸಾಕು. ಕಣ್ಣು, ಮೂಗು ಬಿಡಿಸಲು ಹೊರಟರೆ ಛಾಯೆಯ ಲೆಕ್ಕ ತಪ್ಪುತ್ತದೆ. ಅಳತೆಗೆ ಪೆನ್ಸಿಲ್ ಚಾಚಿ ಹಿಡಿದಾಗ ಮೊಣಕೈ ನೆಟ್ಟಗಿರಲಿ, ಮಡಚಿದರೆ ಪ್ರತಿ ಸಲವೂ ಬೇರೆ ಅಳತೆ ಬರುತ್ತದೆ. ಮೈಸೂರಿಗೆ ಹೋಗಲಾಗದವರು ಒಳ್ಳೆಯ ಮುದ್ರಣ ನೋಡಬಹುದು, ಆದರೆ ಅದರಲ್ಲಿ ಕಡುನೆರಳುಗಳು ಒಂದರೊಳಗೊಂದು ಮುಚ್ಚಿಹೋಗಿರುತ್ತವೆಂಬುದು ನೆನಪಿರಲಿ.

ಮನೆಯಲ್ಲಿ ಕೋಣೆ ಕತ್ತಲಾಗಿಸಿ, ಹಣತೆಯೊಂದನ್ನು ಹಚ್ಚಿ, ಅದರಾಚೆ ಸ್ನೇಹಿತರ ಕೈಯನ್ನು ಸುಡದಷ್ಟು ದೂರದಲ್ಲಿರಿಸಿ. ಮೊದಲು ಇದ್ದಿಲಿನಲ್ಲಿ ಬಿಡಿಸಿ, ನಂತರ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದವನ್ನು ಹಲಗೆಗೆ ಟೇಪಿನಿಂದ ಅಂಟಿಸಿ ಜಲವರ್ಣಕ್ಕಿಳಿಯಿರಿ. ಜ್ವಾಲೆಯ ಜಾಗ ಬಿಳಿಯಾಗಿಯೇ ಇರಲಿ. ಸುತ್ತ ತೆಳು ಹಳದಿ ವಾಶ್ (ನೀರು ಬೆರೆಸಿದ ಬಣ್ಣದ ತೆಳು ಲೇಪ), ಅದು ಪೂರ್ತಿ ಒಣಗಿದ ಮೇಲೆ ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಕೊನೆಗೆ ಕಡುನೀಲಿ ಅಲ್ಟ್ರಾಮರೀನ್ ಮತ್ತು ಕಡುಗಂದಿನ ಬರ್ನ್ಟ್ ಅಂಬರ್ ಬೆರೆಸಿದ ನೆರಳು. ಟ್ಯೂಬಿನ ಸಿದ್ಧ ಕಪ್ಪು ಬಣ್ಣ ಬೇಡ, ಕತ್ತಲು ಸತ್ತಂತೆ ಕಾಣುತ್ತದೆ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ ನೆರಳು ಸಪ್ಪೆಯಾಗುತ್ತದೆ. ಬೇಕಾದದ್ದಕ್ಕಿಂತ ಒಂದು ಛಾಯೆ ಗಾಢವಾಗಿಯೇ ಬೆರೆಸಿ. ಅರೆ ಒಣಗಿದ ವಾಶ್‌ಗೆ ಹೆಚ್ಚು ನೀರಿನ ಕುಂಚ ತಾಗಿದರೆ ಹೂಕೋಸಿನಂಥ ಅಂಚು ಮೂಡುತ್ತದೆ. ಕಾಗದದ ಹೊಳಪು ಪೂರ್ತಿ ಹೋಗುವ ತನಕ ಮುಟ್ಟಬೇಡಿ. ಕಳೆದ ಬೆಳಕನ್ನು ಬಿಳಿ ಬಣ್ಣದಿಂದ ತರಲು ಹೋದರೆ ಅದು ಸುಣ್ಣದಂತೆ ಮಂಕಾಗುತ್ತದೆ, ದೀಪದ ಬಿಸುಪು ಉಳಿಯದು.

ಮುಗಿದ ಮೇಲೆ ಮೊಬೈಲ್‌ನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನಿಮ್ಮ ಮೂರು ಛಾಯೆಯ ಸ್ಕೆಚ್ಚಿನ ಪಕ್ಕ ಇಡಿ. ಬೆಳಕಿನ ಜಾಗ ಎಲ್ಲಿ ಹಿಗ್ಗಿದೆ, ಯಾವ ಅಂಚು ಅನಗತ್ಯವಾಗಿ ಗಟ್ಟಿಯಾಗಿದೆ ಎಂದು ಐದು ಸಾಲು ಬರೆದು, ಆ ಭಾಗವನ್ನಷ್ಟೇ ಬೇರೆ ಕಾಗದದಲ್ಲಿ ಮತ್ತೆ ಬಿಡಿಸಿ.